ಸಾವಕಾರರು ಕೂತೆದ್ದ ಮನೆಗಳು

2021ರ ಏಪ್ರಿಲ್‌ನಲ್ಲಿ ನಾನು ರೋಣದಲ್ಲಿ ಆರೋಗ್ಯ ಶಿಕ್ಷಣಾಧಿಕಾರಿಯಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಈ ಹುದ್ದೆಯವನು ಸೂಜಿ ಚುಚ್ಚುವುದಿಲ್ಲ, ಗುಳಿಗೆ ಕೊಡುವುದಿಲ್ಲ; ಊರೂರು ತಿರುಗಿ ಮಾತಾಡುತ್ತಾನೆ. ಮೂವತ್ತು ವರ್ಷ ನಾನು ಮಾತಾಡಿಯೇ ಸಂಬಳ ತೆಗೆದುಕೊಂಡವನು. ‘ಮನ್ಯಾಗರ ಒಂದೀಟು ಸುಮ್ನ ಕುಂದರ್ರಿ’ ಎಂದು ನನ್ನ ಹೆಂಡತಿ ಬೈಯುತ್ತಿದ್ದಳು. ಅಷ್ಟು ಮಾತಿನಲ್ಲಿ ಒಂದೇ ಒಂದು ಪದ ಮಾತ್ರ ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದರ ಕಥೆ ಇದು.

ಕೊರೊನಾದ ಎರಡನೆಯ ಅಲೆ ಆಗ ತಾನೇ ನಮ್ಮ ಕಡೆ ಕಾಲಿಟ್ಟಿತ್ತು. ನಲವತ್ತೈದು ದಾಟಿದವರಿಗೆಲ್ಲ ಲಸಿಕೆ ಹಾಕಿರೆಂದು ಆದೇಶ ಬಂದಿತ್ತು. ಜನ ಮಾತ್ರ ನಮ್ಮ ಜೀಪು ಕಂಡರೆ ಹೊಲದ ಹಾದಿ ಹಿಡಿಯುತ್ತಿದ್ದರು. ಸೂಜಿ ಹಾಕಿಸಿಕೊಂಡರೆ ಸಾಯುತ್ತಾರೆ ಎಂಬ ಸುದ್ದಿ ಮನೆಮನೆಗೂ ಮುಟ್ಟಿತ್ತು.

ಆ ಹೆದರಿಕೆಯನ್ನು ಮುರಿದವರು ಆ ಭಾಗದ ಒಬ್ಬ ಮುಖಂಡರು. ಹಿಂದೆ ಜಿಲ್ಲಾ ಪಂಚಾಯಿತಿ ಸದಸ್ಯರಾಗಿದ್ದವರು. ಹೆಸರು ಬೇಡ; ಎಲ್ಲರೂ ಕರೆಯುತ್ತಿದ್ದಂತೆ ಸಾವಕಾರರು ಎನ್ನುತ್ತೇನೆ. ನರೇಗಲ್‌ನಲ್ಲಿ ಎಲ್ಲರೆದುರು ಅಂಗಿಯ ತೋಳು ಮಡಚಿ ಅವರು ಲಸಿಕೆ ಹಾಕಿಸಿಕೊಂಡ ದಿನ ಹಿಂದೆ ಸಾಲು ನಿಂತಿತು. ನಾನು ಮೂರು ವಾರ ಗಂಟಲು ಹರಿದುಕೊಂಡರೂ ಆಗದ ಕೆಲಸ ಹತ್ತು ನಿಮಿಷದಲ್ಲಿ ಆಯಿತು. ಅಂದಿನಿಂದ ಅವರನ್ನು ಬಿಟ್ಟು ಶಿಬಿರ ಮಾಡುವ ಧೈರ್ಯ ನನಗಿರಲಿಲ್ಲ.

ಜನರಿಗೆ ಅವರ ಮೇಲೆ ಅಷ್ಟು ನಂಬಿಕೆ ಇದ್ದುದಕ್ಕೆ ಕಾರಣವಿತ್ತು. ಸಾವಾದ ಮನೆಗೆ ಮಾತಾಡಿಸಲು ಹೋಗುವುದನ್ನು ಅವರು ಎಂದೂ ತಪ್ಪಿಸಿದವರಲ್ಲ. ಜಾತಿ, ಪಕ್ಷ ಯಾವುದನ್ನೂ ನೋಡದೆ ಹೋಗಿ, ನೆಲದ ಮೇಲೆ ಕೂತು, ದುಃಖದಲ್ಲಿದ್ದವರ ಕೈ ಹಿಡಿದುಕೊಂಡು ತಾಸುಗಟ್ಟಲೆ ಇರುತ್ತಿದ್ದರು. ‘ಲಗ್ನಕ್ಕ ಹೋಗ್ಲಿಲ್ಲಂದ್ರ ಮಂದಿ ಮರೀತಾರ. ಸತ್ತ ಮನಿಗಿ ಹೋಗ್ಲಿಲ್ಲಂದ್ರ ಮರಿಯಂಗಿಲ್ರಿ’ ಎಂದು ಒಮ್ಮೆ ನನಗೆ ಹೇಳಿದ್ದರು. ಆ ಏಪ್ರಿಲ್‌ನಲ್ಲಿ ಸಾವಾದ ಮನೆಗಳು ದಿನದಿನಕ್ಕೂ ಹೆಚ್ಚುತ್ತಿದ್ದವು.

ಸೋಂಕಿತರ ಪಟ್ಟಿಗೆ ನಮ್ಮಲ್ಲಿ ಲೈನ್ ಲಿಸ್ಟ್ ಎನ್ನುತ್ತಾರೆ. ಒಬ್ಬ ರೋಗಿಗೆ ಒಂದು ಸಾಲು: ಹೆಸರು, ವಯಸ್ಸು, ಊರು, ಕೊನೆಗೆ ‘ಸಂಪರ್ಕ’, ಅಂದರೆ ರೋಗ ಎಲ್ಲಿಂದ ಬಂದಿರಬಹುದು ಎಂಬುದು. ಒಂದು ಶನಿವಾರ ಬೆಳಿಗ್ಗೆ ಪಟ್ಟಿ ನೋಡುತ್ತಿದ್ದಾಗ ಮೂರು ಊರುಗಳ ಮೂರು ಸಾಲುಗಳಲ್ಲಿ ಒಂದೇ ಮಾತು ಕಂಡಿತು: ‘ದುಃಖದ ಮನೆಯಲ್ಲಿದ್ದರು.’ ಮೂರೂ ಮನೆಗಳಿಗೆ ಹೋಗಿ ಬಂದವರು ಯಾರೆಂದು ನನಗೆ ಗೊತ್ತಿತ್ತು. ಪಟ್ಟಿ ಮಡಚಿಟ್ಟು ಎದ್ದೆ.

ಲ್ಯಾಬ್ ಟೆಕ್ನಿಷಿಯನ್‌ನನ್ನು ಕರೆದುಕೊಂಡು ಸಾವಕಾರರ ಮನೆಗೆ ಹೋದೆ. ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದರು. ಮೈಯಲ್ಲಿ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ.

‘ಬರ್ರಿ, ಬರ್ರಿ. ಚಾ ಕುಡೀರಿ. ಆದ್ರ ಎರಡ್ ದಿನಾತು, ನಮ್ಮಾಕಿ ಚಾಕ್ಕ ಶುಂಠಿ ಹಾಕೂದ ಬಿಟ್ಟಾಳ. ಬರೇ ಸಪ್ಪಗ ಆಗೇತಿ’ ಎಂದರು.

ನನ್ನ ಮುಂದಿಟ್ಟ ಕಪ್ಪಿನಿಂದ ಶುಂಠಿಯ ಘಾಟು ಮೂಗಿಗೆ ಹೊಡೆಯುತ್ತಿತ್ತು. ನಾನು ಕಪ್ಪು ಮುಟ್ಟಲಿಲ್ಲ. ರ‍್ಯಾಪಿಡ್ ಟೆಸ್ಟಿನ ಪಟ್ಟಿಯಲ್ಲಿ ಹದಿನೈದು ನಿಮಿಷದೊಳಗೆ ಎರಡು ಗೆರೆ ಮೂಡಿದವು, ಅಂದರೆ ಸೋಂಕು ಇದೆ.

ಅವರು ಆ ಗೆರೆಗಳನ್ನು ನೋಡಿ ಕೇಳಿದರು: ‘ಬುಧವಾರ ಲಕ್ಕಲಕಟ್ಟಿಗೆ ಹೋಗಿದ್ನೆಲ್ರಿ. ಗಾದಿ ಹೊಲಿಯೋ ಹುಸೇನಸಾಬನ ಹೇಣ್ತಿ ತೀರ್ಕೊಂಡಿದ್ಲು. ಅಂವಗ ಹೇಳಬೇಕಲಾ?’

ತಪ್ಪನ್ನು ಇಲ್ಲಿ ಅವರ ತಲೆಗೆ ಕಟ್ಟಬಹುದಿತ್ತು. ರಾಜಕಾರಣಿ ಮುಚ್ಚಿಟ್ಟ ಎಂದರೆ ಎಲ್ಲರೂ ಸಲೀಸಾಗಿ ನಂಬುತ್ತಾರೆ. ಆದರೆ ಮುಚ್ಚಿಡೋಣ ಎಂದವನು ನಾನು. ಸೋಮವಾರ ಲಕ್ಕಲಕಟ್ಟಿಯಲ್ಲೇ ಲಸಿಕೆ ಶಿಬಿರವಿತ್ತು. ಲಸಿಕೆ ಹಾಕಿಸಿಕೊಂಡ ಸಾವಕಾರರಿಗೇ ರೋಗ ಬಂತೆಂದು ತಿಳಿದರೆ ಒಂದು ನರಪಿಳ್ಳೆಯೂ ಬರುವುದಿಲ್ಲ ಎಂದು ನನ್ನ ಲೆಕ್ಕ.

‘ಎರಡು ದಿನ ತಡೀರಿ. ಶಿಬಿರ ಮುಗೀಲಿ. ನೀವು ಬೆಂಗಳೂರಿಗೆ ಹೋಗೀರಿ ಅಂತ ಹೇಳ್ತೀನಿ’ ಎಂದೆ.

‘ನೀವು ತಿಳದಾವ್ರು. ನೀವ್ ಹೇಳ್ದಂಗ’ ಎಂದು ಅವರು ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಫಲಿತಾಂಶವನ್ನು ಅಂದೇ ದಾಖಲಿಸಬೇಕೆಂಬುದು ನಿಯಮ. ‘ಸೋಮವಾರ ಸಂಜೆ ಹಾಕಿದರಾಯಿತು’ ಎಂದು ಟೆಕ್ನಿಷಿಯನ್‌ಗೆ ಹೇಳಿದೆ. ಅವನು ತನ್ನ ಪೆಟ್ಟಿಗೆ ಮುಚ್ಚಿದ.

ಭಾನುವಾರ ಬೆಳಿಗ್ಗೆ ಲಕ್ಕಲಕಟ್ಟಿಯ ಆಶಾ ಕಾರ್ಯಕರ್ತೆ ಕಲ್ಲವ್ವ ಫೋನ್ ಮಾಡಿದಳು. ಚುರುಕು ಹೆಣ್ಣುಮಗಳು, ಊರಲ್ಲಿ ಯಾರು ಸೀನಿದರೂ ಅವಳಿಗೆ ಗೊತ್ತಾಗುತ್ತಿತ್ತು.

‘ಸರ್, ಸಾವಕಾರ್ರಿಗಿ ಅರಾಮಿಲ್ಲಂತ ಸುದ್ದಿ ಐತಿ. ಖರೇ ಏನ್ರಿ? ಬುಧವಾರ ಹುಸೇನಸಾಬನ ಕೈ ಹಿಡ್ಕೊಂಡು ತಾಸೊತ್ತು ಕುಂತು ಹೋಗ್ಯಾರ. ಅವರಿಗಿ ಆ ಬ್ಯಾನಿ ಇದ್ರ ಹೇಳಿಬಿಡ್ರಿ, ಮುದಕನ್ನ ಹೊರಗ ಬಿಡಂಗಿಲ್ಲ.’

‘ಇಲ್ಲ’ ಎಂದೆ.

‘ಇಲ್ರೀ?’

‘ಇಲ್ಲವಾ. ಕೆಲಸದ ಮ್ಯಾಲೆ ಬೆಂಗಳೂರಿಗೆ ಹೋಗ್ಯಾರ.’

‘ಹಂಗಾದ್ರ ಚಲೋ ಆತ್ರಿ. ಜೀವಕ್ಕ ಸಮಾಧಾನ ಆತು’ ಎಂದು ಫೋನ್ ಇಟ್ಟಳು.

ಸೋಮವಾರ ಶಿಬಿರ ಶಾಲೆಯ ಹಾಲ್‌ನಲ್ಲಿ. ಎಲ್ಲರಿಗಿಂತ ಮೊದಲು ಬಂದವನು ಹುಸೇನಸಾಬ. ಒಗೆದ ಬಿಳಿ ಅಂಗಿ, ತಲೆಗೆ ಟೋಪಿ. ಹೆಂಡತಿ ಸತ್ತು ವಾರವಾಗಿತ್ತಷ್ಟೆ. ಸರದಿ ಬಂದರೂ ಅವನು ಏಳಲಿಲ್ಲ.

‘ಸಾವಕಾರ್ರು ನಾನೂ ಬರ್ತೀನಿ, ನೀನೂ ಬಾ ಅಂದಾರ. ಅವರ ಮುಂದನ ಹಾಕ್ಸ್ಕೋತೀನ್ರಿ. ಉಳದಾವ್ರು ಹೋಗ್ಲಿ’ ಎಂದು ಎಲ್ಲರಿಗೂ ದಾರಿ ಬಿಟ್ಟು ಮುಂದಿನ ಬೆಂಚಿನ ಮೇಲೆ ಕೂತೇ ಇದ್ದ. ಬಂದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದರಬ್ಯಾಡ್ರಿ ಎಂದು ಧೈರ್ಯ ಹೇಳುತ್ತಿದ್ದ. ಬೆಳಗಿನಿಂದ ಮಧ್ಯಾಹ್ನದವರೆಗೆ ನನ್ನ ಕೆಲಸವನ್ನು ಅವನೇ ಮಾಡಿದ. ಬಾರದ ಮನುಷ್ಯನಿಗಾಗಿ ಅವನು ಬಾಗಿಲ ಕಡೆ ನೋಡಿದಾಗಲೆಲ್ಲ ನಾನು ಕಾಗದಪತ್ರ ನೋಡುತ್ತಿದ್ದೆ. ಕೊನೆಗೆ ಎದ್ದು ಮೇಜಿನ ಹತ್ತಿರ ಬಂದಾಗ ಕಲ್ಲವ್ವ ಅವನ ಹಣೆಗೆ ಥರ್ಮಾಮೀಟರ್ ಹಿಡಿದಳು. ನೂರಾ ಎರಡು. ಅವನು ಒಂದೆರಡು ಸಲ ಕೆಮ್ಮಿದ. ಅವಳು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಆ ಸಂಜೆ ಸಾವಕಾರರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ.

‘ನೀವ್ ಹೇಳ್ದಂಗ ಕೇಳ್ದೆ. ಇನ್ನ ಕೇಳೂದಿಲ್ಲ’ ಎಂದಷ್ಟೇ ಹೇಳಿ ಇಟ್ಟರು. ಅರ್ಧ ತಾಸಿನಲ್ಲಿ ಅವರ ದನಿ ಊರೂರಿನ ವಾಟ್ಸಾಪಿಗೆ ಬಂತು: ‘ನನಗ ಕೊರೊನಾ ಬಂದೈತಿ. ನಾ ಕುಂತೆದ್ದ ಮನಿಯವ್ರೆಲ್ಲ ತಪಾಸ ಮಾಡಸ್ರಿ. ಸೂಜಿ ಹಾಕಿಸ್ಕೊಂಡಿದ್ದಕ್ಕ ಇನ್ನಾ ಮಾತಾಡಾಕತ್ತೀನಿ. ನೀವೂ ಹಾಕಿಸ್ಕೋರಿ.’

ಮರುದಿನ ತಪಾಸಣೆಗೆ ಜನ ತಾವಾಗಿಯೇ ಬಂದರು. ಮುಂದಿನ ಶಿಬಿರಕ್ಕೂ ಬಂದರು, ಮೊದಲಿಗಿಂತ ಹೆಚ್ಚು. ಯಾರೂ ಓಡಿಹೋಗಲಿಲ್ಲ. ಹೆದರಿದವನು ನಾನು; ಆ ಹೆದರಿಕೆಯನ್ನು ಜನರದ್ದೆಂದು ತಿಳಿದಿದ್ದೆ.

ಆದರೆ ಆ ಹಾಲ್‌ನಲ್ಲಿ ಕೂತಿದ್ದವರಲ್ಲಿ ಒಂಬತ್ತು ಮಂದಿಗೆ ವಾರದೊಳಗೆ ಜ್ವರ ಬಂತು. ಎಂಟು ಮಂದಿ ಉಳಿದರು, ಒಬ್ಬ ಹೆಣ್ಣುಮಗಳು ಉಳಿಯಲಿಲ್ಲ. ಹುಸೇನಸಾಬನೂ ಗದಗಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಎರಡು ದಿನ ಮೊದಲೇ ತಿಳಿದಿದ್ದರೆ ಅವನು ಬದುಕುತ್ತಿದ್ದನೇ? ಯಾವ ಡಾಕ್ಟರೂ ಖಾತ್ರಿ ಹೇಳಲಾರರು. ಆದರೆ ಮನೆಯಲ್ಲೇ ಇರುತ್ತಿದ್ದ, ಆ ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ಇಷ್ಟು ಮಾತ್ರ ಖಾತ್ರಿ.

ಗುಣವಾದ ಮೇಲೆ ಸಾವಕಾರರು ಅವನ ಮನೆಗೆ ಹೋದರಂತೆ. ಒಳಗೆ ಕಾಲಿಡದೆ ರಸ್ತೆಯಲ್ಲೇ ನಿಂತು ಕೈ ಮುಗಿದು ಬಂದರಂತೆ. ಕಲ್ಲವ್ವ ನನ್ನೊಡನೆ ಜಗಳವಾಡಲಿಲ್ಲ. ಆದರೆ ಅಂದಿನಿಂದ ನಾನು ಏನು ಹೇಳಿದರೂ, ಸಭೆ ಹನ್ನೊಂದಕ್ಕೆ ಎಂದರೂ, ‘ಖರೇನ್ರಿ?’ ಎಂದು ಕೇಳುವುದನ್ನು ರೂಢಿ ಮಾಡಿಕೊಂಡಳು.

ಆ ವಾರದ ಪಟ್ಟಿಯನ್ನು ಅವಳೇ ತುಂಬಿ ಕಳಿಸಿದ್ದಳು. ಹುಸೇನಸಾಬನ ಸಾಲಿನಲ್ಲಿ ಸಂಪರ್ಕದ ಕಡೆ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ‘ಭಾನುವಾರ ಕೇಳಿದ್ದೆ. ಇಲ್ಲ ಅಂದರು.’

ಅದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದ ಆಪರೇಟರ್ ತಲೆ ಕೆರೆದುಕೊಂಡ. ‘ಸರ್, ಇದು ನಡಿಯಂಗಿಲ್ರಿ. ಇಲ್ಲೆ ಒಂದು ಹೆಸರು ಬೇಕು. ಯಾರದ್ ಹಾಕ್ಲಿ?’

ನಾನು ನನ್ನ ಹೆಸರು ಹೇಳಿದೆ.