ಅರಿಶಿಣ ಕುಡಿದ ವ್ಯಾನು

ವೆಂಕಟಸ್ವಾಮಿಯವರಿಗೆ ಅರವತ್ತೆರಡು. ಮೂವತ್ತೈದು ವರ್ಷ ಬೇರೆಯವರ ಕಾರು ಓಡಿಸಿದವರು. ಈಗ ರಾಮಮೂರ್ತಿ ನಗರದಲ್ಲಿ, ನಮ್ಮ ಎದುರು ಮನೆಯಲ್ಲಿ ಬಾಡಿಗೆಗಿದ್ದಾರೆ. ಸ್ವಂತದ್ದು ಅಂತ ಇರುವುದು ಒಂದು ಹಳೆಯ ವ್ಯಾನು. ಮಗಳು ಯಮುನಾಳ ಕಾಲುಗಳಲ್ಲಿ ಚಿಕ್ಕಂದಿನಿಂದಲೂ ಬಲವಿಲ್ಲ. ಗಾಲಿಕುರ್ಚಿ ಕಂಡರೆ ಆಟೋದವರು ನಿಲ್ಲಿಸುವುದೇ ಅಪರೂಪ, ಹಾಗಾಗಿ ಎಲ್ಲಿಗೆ ಹೋಗಬೇಕಾದರೂ ಅವಳಿಗೆ ಈ ವ್ಯಾನೇ ಗತಿ.

ಯಮುನಾ ಮೂರು ತಿಂಗಳಿಂದ ರಿಚರ್ಡ್ಸ್ ಟೌನಿನ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಫೋನ್ ನೋಡಿಕೊಳ್ಳುತ್ತಾಳೆ. ಅವಳ ಮೊದಲ ಕೆಲಸ. ಎಂಟೂವರೆಗೆ ಅಲ್ಲಿರಬೇಕು. ಕಳೆದ ವಾರ ಎರಡು ಸಲ ಲಿಂಗರಾಜಪುರದ ಮೇಲ್ಸೇತುವೆಯ ಹತ್ತಿರ ಇಂಜಿನ್ ಕಾದು, ಹಬೆ ಎದ್ದು, ವ್ಯಾನು ನಿಂತುಬಿಟ್ಟಿತು. ಡಾಕ್ಟರು ಬೈಯಲಿಲ್ಲ. "ಸೋಮವಾರನೂ ಲೇಟಾದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗತ್ತಮ್ಮ" ಎಂದರಂತೆ, ಅಷ್ಟೇ.

ಭಾನುವಾರ ತಿಂಡಿಯಾದ ಮೇಲೆ ವೆಂಕಟಸ್ವಾಮಿ ಗೋಣಿಚೀಲ ಹಾಸಿಕೊಂಡು ವ್ಯಾನಿನ ಕೆಳಗೆ ಮಲಗಿದರು. ರೇಡಿಯೇಟರಿನ ಕೆಳಗಿನ ಪೈಪು ಬಿಚ್ಚಿದಾಗ ಬೇಸನ್ನಿಗೆ ಹಳದಿ-ಕಂದು ಬಣ್ಣದ ರಾಡಿ ಮಂದವಾಗಿ ಇಳಿಯಿತು. ಹೆಂಡತಿ ಪಿಳ್ಳಮ್ಮ ಬಗ್ಗಿ ನೋಡಿದರು.

"ಇದೇನ್ರೀ, ಹಳೇ ಗೊಜ್ಜಿನ ಥರ ಇದೆ?"

"ನಿನ್ನ ಅರಿಶಿಣ ಕಣೇ."

"ನನ್ನದಾ? ಹಾಕ್ದೋರು ಯಾರು?"

ಹಾಕಿದವರು ವೆಂಕಟಸ್ವಾಮಿಯವರೇ. ಮೂರು ವರ್ಷದ ಹಿಂದೆ ಚಿಂತಾಮಣಿಯ ದಾರಿಯಲ್ಲಿ ರೇಡಿಯೇಟರ್ ಸೋರತೊಡಗಿತ್ತು. ಪೂಜೆಗೆಂದು ಪಿಳ್ಳಮ್ಮ ಕಟ್ಟಿಕೊಂಡಿದ್ದ ಅರಿಶಿಣದಲ್ಲಿ ಒಂದು ಹಿಡಿ ನೀರಿಗೆ ಬೆರೆಸಿ ಒಳಗೆ ಸುರಿದರು. ಹಳೆಯ ಡ್ರೈವರುಗಳೆಲ್ಲ ಬಲ್ಲ ಉಪಾಯ ಅದು. ಅರಿಶಿಣ ತೂತಿನಲ್ಲಿ ಗಟ್ಟಿಯಾಗಿ ಕೂತು ಸೋರುವುದು ನಿಲ್ಲುತ್ತದೆ. ಅಲ್ಲಿಗೇ ಬಿಡಬಹುದಿತ್ತು. ಆದರೆ ದೇವಿಯೇ ಗಾಡಿ ಕಾಪಾಡಿದಳೆಂದು ನಂಬಿ, ಪ್ರತಿ ಆಯುಧಪೂಜೆಯಂದು ಚಕ್ರಕ್ಕೆ ನಿಂಬೆಹಣ್ಣಿಟ್ಟ ಮೇಲೆ ರೇಡಿಯೇಟರಿಗೂ ಎರಡು ಚಮಚ ಅರಿಶಿಣ ಹಾಕುತ್ತ ಬಂದರು. ಅದು ಸಣ್ಣ ಸಣ್ಣ ಕೊಳವೆಗಳಲ್ಲೆಲ್ಲ ಕಟ್ಟಿಕೊಂಡಿತ್ತು. ನೀರು ಓಡಾಡದೆ ಇಂಜಿನ್ ಕುದಿಯುತ್ತಿತ್ತು.

ಪೈಪು ಸಿಕ್ಕಿಸಿ ನೀರು ತುಂಬಿಸುವುದು, ಇಂಜಿನ್ ಓಡಿಸುವುದು, ನಿಲ್ಲಿಸಿ ಆರಲು ಬಿಡುವುದು, ಮತ್ತೆ ಗೋಣಿಯ ಮೇಲೆ ಮಲಗಿ ಬಿಚ್ಚುವುದು. ಬಿಸಿಯಲ್ಲಿ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ, ಹಾಗಾಗಿ ಪ್ರತಿ ಸಲ ಮುಕ್ಕಾಲು ಗಂಟೆ ಕಾಯಬೇಕು. ಆ ಹೊತ್ತು ಅವರು ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೂರುತ್ತಿದ್ದರು. ಮೂರನೆಯ ಸಲ ಏಳುವಾಗ ಸೊಂಟ ಹಿಡಿದುಕೊಂಡಿತು. ಪಿಳ್ಳಮ್ಮನೂ ಎದುರು ಮನೆಯಿಂದ ಬಂದ ನಾನೂ ಒಂದೊಂದು ರಟ್ಟೆ ಹಿಡಿದು ಎಬ್ಬಿಸಿದೆವು.

"ಅಪ್ಪ, ಸಾಕು ಬಿಡು," ಎಂದಳು ಯಮುನಾ ಬಾಗಿಲಿಂದ.

"ಇನ್ನೊಂದ್ ಸಲ," ಎಂದರು. ಆಮೇಲೂ ಎರಡು ಸಲ ಮಾಡಿದರು.

ಐದನೆಯ ಸಲ ನೀರು ತಿಳಿಯಾಗಿ ಬಂತು. ನಮ್ಮ ಬೋರ್‌ವೆಲ್ ನೀರು ಗಡುಸು, ಒಳಗೆ ಬಿಟ್ಟರೆ ಉಪ್ಪು ಕಟ್ಟುತ್ತದೆ. ಅದನ್ನು ಪೂರ್ತಿ ಇಳಿಸಿ, ಕುಡಿಯುವ ಕ್ಯಾನ್ ನೀರಿಗೆ ಇಂಜಿನ್ ತಂಪಾಗಿಡುವ, ಅಂಗಡಿಯ ಹಸಿರು ಕೂಲೆಂಟ್ ಬೆರೆಸಿ ತುಂಬಿದರು. ಇಂಜಿನ್ ಅರ್ಧ ಗಂಟೆ ಓಡಿದರೂ ಬಿಸಿ ತೋರಿಸುವ ಮುಳ್ಳು ನಡುವೆಯೇ ನಿಂತಿತು. ಪಿಳ್ಳಮ್ಮ ಕೈ ಮುಗಿದರು. ಅಷ್ಟರಲ್ಲಿ ನೆಲದ ಮೇಲೆ ಹಸಿರು ಹನಿ ಬಿತ್ತು. ಹಿಂದೆಯೇ ಇನ್ನೊಂದು. ಕೊಳೆಯ ಜೊತೆಗೆ ತೂತು ಮುಚ್ಚಿದ್ದ ಅರಿಶಿಣವೂ ಕಿತ್ತುಬಂದಿತ್ತು.

ಬೆಸುಗೆ ಹಾಕುವ ಶಿವಾಜಿನಗರದ ಅಂಗಡಿಗೆ ಭಾನುವಾರ ರಜೆ. ಪಿಳ್ಳಮ್ಮ ಒಳಗೆ ಹೋಗಿ ಅರಿಶಿಣದ ಡಬ್ಬಿ ತಂದರು. ವೆಂಕಟಸ್ವಾಮಿ ಕೈ ಚಾಚಿದರು.

"ಬೇಡಪ್ಪ," ಎಂದಳು ಯಮುನಾ. "ಬೆಳಗ್ಗಿಂದ ಸೊಂಟ ಮುರ್ಕೊಂಡು ತೆಗ್ದಿದ್ದು ಅದನ್ನೇ ತಾನೆ?"

"ನಾಳೆ ನೀನು ಹೋಗ್ಬೇಕಲ್ಲಮ್ಮ."

"ಐದೂವರೆಗೆ ಹೊರಡೋಣ. ಅಲ್ಲಲ್ಲಿ ನಿಲ್ಸಿ, ಆರಿದ್ಮೇಲೆ ನೀರು ಹಾಕ್ಕೊಂಡು ಹೋದ್ರಾಯ್ತು."

"ನಿನ್ನ ಕೆಲ್ಸ ಹೋದ್ರೆ?"

"ಹೋದ್ರೆ ನಂದು ಹೋಗತ್ತೆ. ಡಬ್ಬಿ ಒಳಗಿಡಮ್ಮ."

ವೆಂಕಟಸ್ವಾಮಿ ಚಾಚಿದ ಕೈಯನ್ನು ಪಂಚೆಗೆ ಒರೆಸಿಕೊಂಡರು.

ಮರುದಿನ ಬೆಳಗಿನ ಜಾವ ನಾನು ದೇವರಿಗೆ ದೀಪ ಹಚ್ಚುವ ಹೊತ್ತಿಗೆ ವ್ಯಾನು ಹೊರಟಿತು. ದಾರಿಯಲ್ಲಿ ಮೂರು ಕಡೆ ನಿಲ್ಲಿಸಿದರಂತೆ. ಯಮುನಾ ಮಡಿಲಲ್ಲಿ ನೀರಿನ ಕ್ಯಾನು ಇಟ್ಟುಕೊಂಡು ಒಂದೊಂದೇ ಚೊಂಬು ತುಂಬಿಸಿ ಕೊಟ್ಟಳು. ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಕ್ಲಿನಿಕ್ ಮುಟ್ಟಿದರು; ಷಟರ್ ಇನ್ನೂ ತೆಗೆದಿರಲಿಲ್ಲ.

ಷಟರ್ ತೆಗೆದ ಮೇಲೆ ಮಗಳನ್ನು ಒಳಗೆ ಬಿಟ್ಟು ಅವರು ಶಿವಾಜಿನಗರಕ್ಕೆ ಹೋದರು. ಅಂಗಡಿಯ ಸಾಹೇಬರು ರೇಡಿಯೇಟರ್ ಕಳಚಿ, ಮೂಲೆಯಲ್ಲಿ ಉಳಿದಿದ್ದ ಹಳದಿಯನ್ನು ಉಗುರಿನಲ್ಲಿ ಕೆರೆದು ನಕ್ಕರು. "ಅರಿಶಿಣ ಹಾಕಿದೀರಿ ಚಾಚಾ, ಒಗ್ಗರಣೆ ಯಾಕೆ ಬಿಟ್ರಿ?"

"ಐದಕ್ಕೆ ಮಗಳನ್ನ ಕರ್ಕೊಂಡು ಬರ್ಬೇಕು ಸಾಹೇಬ್ರೇ."

"ನಾಲ್ಕಕ್ಕೆ ಕೊಡ್ತೀನಿ. ಊಟ ಮಾಡ್ಕೊಂಡ್ ಬನ್ನಿ, ಹೋಗಿ."

ಅವರು ಊಟಕ್ಕೆ ಹೋಗಲಿಲ್ಲ. ಬೆಂಚಿನ ಮೇಲೆ ಕೂತವರು ಅಲ್ಲೇ ನಿದ್ದೆಹೋದರು.

ಸಂಜೆ ವ್ಯಾನು ಎಲ್ಲೂ ನಿಲ್ಲದೆ ಮನೆಗೆ ಬಂತು. ಯಮುನಾಳನ್ನು ಇಳಿಸಿಕೊಳ್ಳುವಾಗ ಅವಳು ಕೇಳಿದ್ದು ನನಗೂ ಕೇಳಿಸಿತು. "ನಾಳೆ ಎಷ್ಟೊತ್ತಿಗಪ್ಪ?"

"ಏಳೂಕಾಲಿಗೆ ಸಾಕಮ್ಮ," ಎಂದರು.