ಹೆಸರು ಕೊರೆಸಿದ ಶಾಫ್ಟು

ನಾ ನಡೆಸೋ ಹಿಟ್ಟಿನ ಗಿರಣಿಯ ಹೊಸ ಶಾಫ್ಟು ಮುರೀತು. ನಾ ಎಣ್ಣಿ ಹಾಕದ್ದಕ್ಕ ಮುರಿದೈತಂತ ನಮ್ಮ ಮನಿಯವರು ಓಣಿಗೆಲ್ಲಾ ಸಾರಿದ್ರು. ಮಂದಿ ತಮ್ಮ ಜ್ವಾಳ ಬ್ಯಾರೆ ಗಿರಣಿಗೆ ಒಯ್ದರು. ಮುರಿದ ತುಂಡು ಚೀಲದಾಗ ಹಾಕ್ಕೊಂಡು, ಅದನ್ನ ಮಾಡಿಕೊಟ್ಟ ಶಹಾಪುರದ ಲೇತಿನವನ ಹತ್ರ ಹೋಗಿ ಎಣ್ಣಿ ಮಾತೂ ಹೇಳಿದೆ.

ಅವ ಮುರಿದ ಜಾಗ ಸವರಿ ನೋಡಿ, “ಆಯಿ, ನಾ ಕನ್ನಡಿಯಂಗ ನುಣ್ಣಗ ಮಾಡಿ ಕೊಟ್ಟಿದ್ದೆ. ಇದರ ಮ್ಯಾಲ ಹೆಸರು ಕೊರೆಸಿದವರು ಯಾರ್ರಿ?” ಅಂದ.

“ನಮ್ಮ ಮನಿಯವರೇ. ಕಳುವಾಗಬಾರ್ದಂತ, ಭಾಂಡೆ-ಪಾತ್ರಿ ಮ್ಯಾಲ ಹೆಸರು ಹಾಕವನ ಕಡಿಂದ ತಮ್ಮ ಹೆಸರು ಹಾಕಿಸ್ಯಾರ.”

“ಆ ಗೀರಿನಾಗ ಸೀಳು ಹುಟ್ಟೈತ್ರಿ. ತಿರುಗಿದಂಗೆಲ್ಲ ಒಳಗ ಇಳಿದು ಮುರಿದೈತಿ. ಎಣ್ಣಿದೇನೂ ತಪ್ಪಿಲ್ಲ.”

ಮನಿಗೆ ಬಂದು ಹಂಗೇ ಹೇಳಿದೆ. ಅವರು ಚಾ ಕುಡಿದು, “ಹೊಸಾದಕ್ಕ ನಿನ್ನ ಹೆಸರು ಹಾಕಿಸೂಣು” ಅಂದ್ರು.

ಮನ್ಯಾಗಿನ ಒಂದು ಚರಿಗಿ ಮ್ಯಾಲೂ ನನ್ನ ಹೆಸರಿಲ್ಲ. ಮುರಿಯೋದಕ್ಕ ಮಾತ್ರ ಅವರಿಗೆ ನನ್ನ ಹೆಸರು ನೆನಪಾತು.