ಕೋಲಿನ ಪಕ್ಕದ ಹೆಬ್ಬೆರಳು

ಸಮೋವಾದ ಆ ಊರಿಗೆ ನೆಂಟರು ಬಂದರೆ, ಬಯಲಲ್ಲಿ ನಿಂತು ಸ್ವಾಗತದ ಮಾತಾಡುವುದು ಮಾತುಗಾರ ಮುಖಂಡರ ಹಕ್ಕು. ಬರಿಗಾಲು, ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿ ಕಾಲಿನ ಹೆಬ್ಬೆರಳ ಪಕ್ಕದಲ್ಲಿ. ಹನ್ನೊಂದು ವರ್ಷದಿಂದ ಲಾಫಾಏಲೆ ಆ ಹಕ್ಕನ್ನು ಯಾರಿಗೂ ಬಿಟ್ಟಿರಲಿಲ್ಲ. ಅವನು ಬಾಯಿ ತೆರೆದರೆ ಕೋಳಿಗಳೂ ನೆರಳು ಹುಡುಕುತ್ತಿದ್ದವು.

ಅವನ ಅಕ್ಕ ಸೀನಿವಾ ನಿವೃತ್ತ ನರ್ಸು. ಪ್ರತಿ ಮಂಗಳವಾರ ಮಹಿಳಾ ಸಮಿತಿಯ ಮನೆಯಲ್ಲಿ, ಕಾಲ್ಬೆರಳ ಕೀಲು ಊದಿ ಉರಿಯುವ ಗೌಟ್ ಬಗ್ಗೆ ಹೇಳುತ್ತಿದ್ದಳು: ಇದು ಬರೀ ಹೊಟ್ಟೆಬಾಕತನದಿಂದ ಬರುವ ಕಾಯಿಲೆಯಲ್ಲ, ನಮ್ಮ ರಕ್ತದಲ್ಲೇ ಇದೆ, ಬಿಯರು, ಬಾಟಲಿಯ ಸಕ್ಕರೆ ಪಾನೀಯ, ಹಂದಿಯ ಈಲಿ, ಡಬ್ಬಿಯ ಮಾಂಸ ಅದನ್ನು ಕೆರಳಿಸುತ್ತವೆ, ನೀರು ಚೆನ್ನಾಗಿ ಕುಡಿಯಿರಿ, ಡಾಕ್ಟರು ದಿನಾ ನುಂಗಿ ಅಂದ ಮಾತ್ರೆಯನ್ನು ನೋವಿಲ್ಲವೆಂದು ಬಿಡಬೇಡಿ.

ಲಾಫಾಏಲೆ ಮಾತ್ರೆ ಬಿಟ್ಟಿದ್ದ. ಮೂರು ತಿಂಗಳು ಬೆರಳು ಸುಮ್ಮನಿದ್ದುದು ತನ್ನ ಗತ್ತಿಗೆ ಹೆದರಿ ಎಂದೇ ಅವನ ನಂಬಿಕೆ. ಭಾನುವಾರದ ಊಟದಲ್ಲಿ, ಪಾಲಿಗೆ ಬಂದದ್ದನ್ನು ಬೇಡವೆಂದರೆ ಪದವಿಗೇ ಅವಮಾನ ಎಂದು ಅರ್ಧ ಗಂಟೆ ಭಾಷಣ ಮಾಡಿ, ಈಲಿಯನ್ನು ಎರಡು ಸಲ ಬಡಿಸಿಕೊಂಡ.

ಸೋಮವಾರ ಬೆಳಿಗ್ಗೆ ಹೆಬ್ಬೆರಳು ಟೊಮೆಟೊ ಹಣ್ಣಾಗಿತ್ತು. ಹೊದಿಕೆ ತಾಕಿದರೂ ಜೀವ ಹೋದಂತಾಗುತ್ತಿತ್ತು. ಅದೇ ಮಧ್ಯಾಹ್ನ ಪಕ್ಕದ ದ್ವೀಪದಿಂದ ಚರ್ಚಿನ ನೆಂಟರು ಬರುವವರಿದ್ದರು.

ಹೇಗೋ ಬಯಲಿಗೆ ಬಂದ. ಹಕ್ಕು ಯಾರದೆಂದು ಮಾತುಗಾರರು ಮೊದಲು ನಿಂತೇ ವಾದಿಸಬೇಕು. ಎದುರಾಳಿ ಟುಸಿಗಾ ಅವನ ಮುಖ ನೋಡಲಿಲ್ಲ, ಕಾಲನ್ನೇ ನೋಡಿದ.

“ಏನಯ್ಯಾ, ಇವತ್ತು ಕೊಕ್ಕರೆ ಥರ ನಿಂತಿದೀಯ?”

ಉತ್ತರ ಕೊಡಹೋದಾಗ ಕೋಲಿನ ತುದಿ ಬೆರಳಿಗೆ ತಾಗಿತು. ಕಣ್ಣು ಕತ್ತಲಿಟ್ಟಿತು. ನೆಂಟರು ಬಿಸಿಲಲ್ಲಿ ಕಾಯುತ್ತಿದ್ದರು.

ಹಿಂದೆ ಕಾಣಿಕೆಯ ಚಾಪೆ ಹಿಡಿದು ನಿಂತಿದ್ದ ಸೀನಿವಾ ಮೆಲ್ಲಗೆ ಅಂದಳು: “ತಮ್ಮಾ, ಕೂತ್ಕೋ. ಯಾಕಂತ ನೀನೇ ಹೇಳು. ಆರು ವರ್ಷದಿಂದ ನಾನು ಹೇಳಿದ್ದನ್ನ ಒಬ್ಬ ಗಂಡಸೂ ಕೇಳಿಲ್ಲ.”

ಅಕ್ಕನ ಮಾತನ್ನು ಅಡುಗೆಮನೆಯಲ್ಲಿ ಮೀರಬಹುದು, ಊರೆದುರು ಮೀರುವ ತಮ್ಮ ಅಲ್ಲಿ ಹುಟ್ಟಿಲ್ಲ. ಲಾಫಾಏಲೆ ಕೋಲು ಕೆಳಗಿಟ್ಟ.

“ನನಗೆ ಗೌಟ್. ಮಾತ್ರೆ ಬಿಟ್ಟೆ, ಈಲಿ ತಿಂದೆ. ಇವತ್ತು ಟುಸಿಗಾನೇ ಮಾತಾಡ್ಲಿ.”

ಅವನ ಬದುಕಿನ ಅತಿ ಚಿಕ್ಕ ಭಾಷಣ ಅದು. ನೆಂಟರಲ್ಲಿ ಇಬ್ಬರು ಮುದುಕರು ತಮ್ಮ ಪಾದಗಳನ್ನು ಒಳಕ್ಕೆ ಎಳೆದುಕೊಂಡರು.

ಟುಸಿಗಾ ಗೆದ್ದ ಠೀವಿಯಲ್ಲಿ ಮುಂದೆ ಬಂದ. ಕೋಲು ಊರುವಾಗ ಹೆಬ್ಬೆರಳನ್ನು ಸದ್ದಿಲ್ಲದೆ ಮೇಲೆತ್ತಿ, ಹಿಮ್ಮಡಿಗೆ ಭಾರ ಬಿಟ್ಟ. ಆ ನಿಲುವು ಲಾಫಾಏಲೆಗೆ ಚೆನ್ನಾಗಿ ಗೊತ್ತು.

“ಅಕ್ಕಾ,” ಎಂದ ತಿರುಗದೆಯೇ, “ನಾಳೆ ಸಮಿತಿ ಮನೇಲಿ ಎರಡು ಚಾಪೆ ಜಾಸ್ತಿ ಹಾಸು.”